ಹಡಗು ಸಿಕ್ಕರೆ ನಾವಿಕ ಸಿಕ್ಕಾನು

1943ರ ನವೆಂಬರ್ 26ರ ಸಂಜೆ, ಅಲ್ಜೀರಿಯಾದ ಕರಾವಳಿಯಾಚೆ, 'ರೋಹ್ನಾ' ಎಂಬ ಹಡಗಿಗೆ ಜರ್ಮನ್ ವಿಮಾನವೊಂದು ಬಿಟ್ಟ ಬಾಂಬು ಬಡಿಯಿತು. ರೇಡಿಯೊ ಸಂಕೇತದಿಂದ ಗುರಿಯತ್ತ ತಿರುಗಿಸಬಹುದಾದ ಹೊಸ ಬಗೆಯ ಬಾಂಬು ಅದು. ಹಡಗಿನ ತುಂಬ ಅಮೆರಿಕದ ಸೈನಿಕರಿದ್ದರು. ಅವರಲ್ಲಿ 1,015 ಮಂದಿ ಸತ್ತರು. ಅಮೆರಿಕ ಆ ಸುದ್ದಿಯನ್ನು ಬಹುಕಾಲ ಬಚ್ಚಿಟ್ಟಿತು. ಕೊನೆಗೆ ಬದುಕಿ ಉಳಿದವರೂ ಸತ್ತವರ ಮಕ್ಕಳೂ ಸೇರಿ ಸಂಘ ಕಟ್ಟಿಕೊಂಡು, ಕಡತಗಳ ಬೆನ್ನು ಹತ್ತಿ, ಸ್ಮಾರಕವನ್ನೂ ನಿಲ್ಲಿಸಿದರು. ಆದರೆ ರೋಹ್ನಾ ಅಮೆರಿಕದ ಹಡಗಾಗಿರಲಿಲ್ಲ. ಅದು ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಎಂಬ ಖಾಸಗಿ ಕಂಪನಿಯದು, ಅದರ ಸಿಬ್ಬಂದಿಯಲ್ಲಿ ಬಹುಪಾಲು ಭಾರತೀಯರು. ಆ ಸಂಜೆ ಐವರು ಅಧಿಕಾರಿಗಳೂ ಅವರ ಕೈಕೆಳಗಿನ 117 ಮಂದಿಯೂ ಸಮುದ್ರದ ಪಾಲಾದರು. ಅಮೆರಿಕದ ಕುಟುಂಬವೊಂದಕ್ಕೆ ತನ್ನವನ ತುಕಡಿ ಯಾವುದು, ಅವನ ಸಂಖ್ಯೆ ಎಷ್ಟು, ಯಾವ ಕಚೇರಿಯಲ್ಲಿ ಏನು ಕೇಳಬೇಕು ಎಂಬುದಾದರೂ ಗೊತ್ತಿತ್ತು. ಇಂಥ ಹಡಗುಗಳಲ್ಲಿ ದುಡಿದ ಖಲಾಸಿಯ ಮನೆಯವರು ಇವತ್ತು ಅವನ ಯುದ್ಧಕಾಲದ ದಾಖಲೆ ಹುಡುಕಲು ಹೊರಟರೆ ಮೊದಲ ಹೆಜ್ಜೆಯಲ್ಲೇ ಎಡವುತ್ತಾರೆ. ದಾಖಲೆ ಇಲ್ಲವೆಂದು ಎಡವುವವರು ಕಡಿಮೆ. ಕೇಳಬೇಕಾದ ಪ್ರಶ್ನೆಯನ್ನು ಬಿಟ್ಟು ಬೇರೆ ಪ್ರಶ್ನೆ ಕೇಳಿ ಎಡವುವವರೇ ಹೆಚ್ಚು.

ಅವರು ಕೇಳುವುದು 'ನಮ್ಮ ಅಜ್ಜನ ಸರ್ವಿಸ್ ರೆಕಾರ್ಡ್ ಎಲ್ಲಿದೆ' ಎಂದು. ಸಿಪಾಯಿಗಾದರೆ ಆ ಪ್ರಶ್ನೆ ಸರಿ. ಅವನನ್ನು ಸೇರಿಸಿಕೊಂಡದ್ದೂ ಸಂಬಳ ಕೊಟ್ಟದ್ದೂ ಬಿಡುಗಡೆ ಮಾಡಿದ್ದೂ ಸರಕಾರವೇ. ಆದ್ದರಿಂದ ಅವನ ಹೆಸರಿನಲ್ಲಿ ಒಂದು ಕಾಗದದ ಕಟ್ಟು ಎಲ್ಲೋ ಒಂದು ಕಡೆ ಹುಟ್ಟಿಯೇ ಇರುತ್ತದೆ. ವ್ಯಾಪಾರಿ ಹಡಗಿನ ನಾವಿಕನ ಕಥೆ ಹಾಗಲ್ಲ. 'ಮರ್ಚೆಂಟ್ ನೇವಿ' ಎಂಬ ಹೆಸರಿನಲ್ಲಿ ನೌಕಾಪಡೆಯ ಗತ್ತಿದ್ದರೂ ಅದು ಪಡೆಯಲ್ಲ. ಮೊದಲ ಮಹಾಯುದ್ಧದಲ್ಲಿ ಈ ನಾವಿಕರು ಪಟ್ಟ ಪಾಡನ್ನು ನೆನೆದು ಐದನೆಯ ಜಾರ್ಜ್ ದೊರೆ ಕೊಟ್ಟ ಗೌರವದ ಹೆಸರು ಅದು, ಅಷ್ಟೆ. ನಾವಿಕ ಕಂಪನಿಯ ಕೂಲಿಯಾಳು. ಒಂದು ಹಡಗಿಗೆ, ಒಂದು ಯಾನಕ್ಕೆ ಕರಾರು ಬರೆದುಕೊಟ್ಟು ಹತ್ತುತ್ತಿದ್ದ. ಯಾನ ಮುಗಿದರೆ ಕರಾರೂ ಮುಗಿಯಿತು, ಮುಂದಿನ ಸಲ ಬೇರೆ ಹಡಗು, ಬೇರೆ ಕರಾರು. ಹೀಗಾಗಿ ಅವನ ಬದುಕು ಕಾಗದಕ್ಕೆ ಇಳಿದದ್ದು ಅವನ ಹೆಸರಿನ ಕಡತವಾಗಿ ಅಲ್ಲ, ಹತ್ತಾರು ಹಡಗುಗಳ ಕರಾರು ಪತ್ರಗಳಲ್ಲಿ ಒಂದೊಂದು ಸಾಲಾಗಿ. ಆದ್ದರಿಂದ ಮನುಷ್ಯನನ್ನು ಹುಡುಕುವ ಮುನ್ನ ಹಡಗನ್ನು ಹುಡುಕಬೇಕು. ಅವನು ಯಾವ ಹಡಗಿನಲ್ಲಿದ್ದ, ಯಾವ ಯಾನದಲ್ಲಿ, ಯಾವ ಬಂದರಿನಲ್ಲಿ ಕರಾರಿಗೆ ಹೆಬ್ಬೆಟ್ಟು ಒತ್ತಿದ: ಈ ಮೂರರಲ್ಲಿ ಒಂದು ಗೊತ್ತಾದರೂ ಹುಡುಕಾಟ ಶುರುವಾಗುತ್ತದೆ. ಒಂದೂ ಗೊತ್ತಿಲ್ಲದೆ ಬರಿಯ ಹೆಸರು ಹಿಡಿದು ಹೊರಟವರು ವರ್ಷಗಟ್ಟಲೆ ಅಲೆದದ್ದುಂಟು.

ಈ ವ್ಯವಸ್ಥೆಯ ಸ್ವಭಾವವನ್ನು ಒಂದು ನಿಯಮ ಬಯಲು ಮಾಡುತ್ತದೆ. ಯುದ್ಧದ ಮೊದಲ ವರ್ಷಗಳಲ್ಲಿ ಬ್ರಿಟಿಷ್ ಹಡಗು ಮುಳುಗಿದ ದಿನವೇ ಅದರ ನಾವಿಕರ ಸಂಬಳವೂ ನಿಲ್ಲುತ್ತಿತ್ತು. ಹಡಗಿಲ್ಲದ ಮೇಲೆ ಕರಾರೆಲ್ಲಿ, ಕರಾರಿಲ್ಲದ ಮೇಲೆ ಕೂಲಿಯೆಲ್ಲಿ ಎಂಬ ಲೆಕ್ಕ. ತೆಪ್ಪದ ಮೇಲೆ ಹುಟ್ಟು ಹಾಕುತ್ತ ಕಳೆದ ದಿನಗಳು ಅವನ ಸ್ವಂತ ಖರ್ಚಿನವು. 1941ರ ಮೇ ತಿಂಗಳಲ್ಲಿ ಅಗತ್ಯ ಸೇವೆಯ ಆದೇಶ ಬಂದ ಮೇಲೆ ಇದು ಬದಲಾಯಿತು. ಹಿಂದಿನ ಐದು ವರ್ಷಗಳಲ್ಲಿ ಸಮುದ್ರದಲ್ಲಿ ದುಡಿದವರೆಲ್ಲ ನೋಂದಾಯಿಸಿಕೊಳ್ಳಬೇಕೆಂದು ಸರಕಾರ ಕೇಳಿತು, ಅವರನ್ನು ಕೂಟವೊಂದರಲ್ಲಿ ಸೇರಿಸಿ ನಡುವಿನ ದಿನಗಳಿಗೂ ಸಂಬಳ ಕೊಟ್ಟಿತು. ಲಂಡನ್ನಿನ ಕ್ಯೂ ಎಂಬಲ್ಲಿನ ಬ್ರಿಟಿಷ್ ರಾಷ್ಟ್ರೀಯ ಪತ್ರಾಗಾರದಲ್ಲಿ ಬಿಟಿ 382 ಎಂಬ ಸರಣಿಯಲ್ಲಿರುವ ನೋಂದಣಿ ಪುಸ್ತಕಗಳು 1941ರಿಂದಲೇ ಆರಂಭವಾಗುವುದಕ್ಕೆ ಕಾರಣ ಇದು. ಅಲ್ಲಿ ನಾವಿಕನ ಹೆಸರಿನ ಮುಂದೆ ಅವನು ಹತ್ತಿಳಿದ ಹಡಗುಗಳ ಪಟ್ಟಿಯೇ ಇದೆ. ಬಿಟಿ 372ರಲ್ಲಿ ಕೆಲವರ ಕಾರ್ಡುಗಳೂ ಕಾಗದಗಳೂ ಲಕೋಟೆಯಲ್ಲಿ ಉಳಿದಿವೆ. ಬ್ರಿಟನ್ನಿನ ನಾವಿಕನ ಮೊಮ್ಮಕ್ಕಳಿಗೆ ಕೆಲಸ ಸಲೀಸಾಗಲು ಆ ನೋಂದಣಿಯೇ ಆಧಾರ. ಭಾರತದಲ್ಲಿ ಕರಾರಾದ ಖಲಾಸಿಗಳು ಆ ಕೂಟದ ಹೊರಗೇ ಉಳಿದರು. ಭಾರತೀಯರಿಗೆಂದು ನೋಂದಣಿಯಲ್ಲಿ ಪ್ರತ್ಯೇಕ ವಿಭಾಗವೊಂದು ಇದೆ, ಅದನ್ನು ನೋಡಲೇಬೇಕು. ಆದರೆ ಅಲ್ಲಿ ಹೆಸರಿಲ್ಲವೆಂದರೆ ಅಜ್ಜ ಹಡಗನ್ನೇ ಹತ್ತಿರಲಿಲ್ಲ ಎಂದು ತೀರ್ಮಾನಿಸುವುದು ಅವಸರ. ಯಾರಿಗಾಗಿ, ಏಕೆ ಬರೆದಿಟ್ಟ ಪುಸ್ತಕ ಎಂಬುದನ್ನು ತಿಳಿಯದೆ ಅದರ ಮೌನಕ್ಕೆ ಅರ್ಥ ಹಚ್ಚಬಾರದು.

ಹಾಗಾದರೆ ಹಡಗನ್ನು ಹುಡುಕುವುದು ಹೇಗೆ? ಮೊದಲು ನೋಡಬೇಕಾದದ್ದು ಮನೆಯ ಟ್ರಂಕು. ನಾವಿಕನ ಕೈಯಲ್ಲಿ ಸಿಡಿಸಿ ಎಂಬ ಬಿಡುಗಡೆ ಪುಸ್ತಿಕೆ ಇರುತ್ತಿತ್ತು. ಪ್ರತಿ ಯಾನಕ್ಕೂ ಅದರಲ್ಲಿ ಒಂದು ಸಾಲು: ಹಡಗಿನ ಹೆಸರು, ಅದರ ಅಧಿಕೃತ ಸಂಖ್ಯೆ, ಹತ್ತಿದ ದಿನ ಮತ್ತು ಸ್ಥಳ, ಇಳಿದ ದಿನ ಮತ್ತು ಸ್ಥಳ, ಮಾಡಿದ ಕೆಲಸ, ನಡತೆಯ ಬಗ್ಗೆ ಒಂದು ಮುದ್ರೆ. ಯುದ್ಧಕಾಲದಲ್ಲಿ ಯಾನದ ವಿವರದ ಕಡೆ ಬರಿದೆ 'ವಿದೇಶ' ಎಂದಷ್ಟೇ ಬರೆದದ್ದು ಕಂಡುಬರುತ್ತದೆ; ನಿರಾಶರಾಗಬೇಕಿಲ್ಲ. ಆ ಅಧಿಕೃತ ಸಂಖ್ಯೆ ಹಡಗಿನ ಬಾಳಿನುದ್ದಕ್ಕೂ ಬದಲಾಗದು. ಒಡೆಯ ಬದಲಾದಾಗ ಹಡಗಿನ ಹೆಸರು ಬದಲಾಗಬಹುದು, ಒಂದೇ ಹೆಸರಿನ ಎರಡು ಮೂರು ಹಡಗುಗಳಿರಬಹುದು, ಸಂಖ್ಯೆ ಮಾತ್ರ ಒಂದಕ್ಕೆ ಒಂದೇ. ಪುಸ್ತಿಕೆ ಕಳೆದು ಹೋಗಿ ಹೆಸರಷ್ಟೇ ಬಾಯಿಂದ ಬಾಯಿಗೆ ಉಳಿದಿದ್ದರೆ ಲಾಯ್ಡ್ಸ್ ರಿಜಿಸ್ಟರ್ ಎಂಬ ಹಡಗುಗಳ ಪಟ್ಟಿಯ ಆಯಾ ವರ್ಷದ ಸಂಪುಟದಲ್ಲಿ ಸಂಖ್ಯೆ ಹುಡುಕಬಹುದು. ಸಂಖ್ಯೆ ಸಿಕ್ಕಿತೆಂದರೆ ಕ್ಯೂನಲ್ಲಿ ಎರಡು ಬಾಗಿಲು ತೆರೆಯುತ್ತವೆ. 1939ರಿಂದ 1950ರವರೆಗಿನ ಸಿಬ್ಬಂದಿ ಪಟ್ಟಿಗಳೂ ಹಡಗಿನ ದಿನಚರಿಗಳೂ ಇರುವ ಬಿಟಿ 381 ಸರಣಿಯನ್ನು ಜೋಡಿಸಿರುವುದೇ ಈ ಸಂಖ್ಯೆಯ ಕ್ರಮದಲ್ಲಿ. ಬಿಟಿ 389ರಲ್ಲಿರುವುದು ಯುದ್ಧಕಾಲದ ಹಡಗು ಸಂಚಾರದ ಕಾರ್ಡುಗಳು: ಯಾವ ಬಂದರು, ಯಾವ ತಾರೀಖು, ಎಲ್ಲಿ ಪೆಟ್ಟು ಬಿತ್ತು. ಪುಸ್ತಿಕೆಯ 'ವಿದೇಶ' ಎಂಬ ಒಂದು ಪದ ಈ ಕಾರ್ಡಿನಲ್ಲಿ ಏಡನ್, ಸೂಯೆಜ್, ಡರ್ಬನ್ ಎಂದು ಬಿಚ್ಚಿಕೊಳ್ಳಬಹುದು.

ಈಗೆಲ್ಲ ಕಂಪ್ಯೂಟರಿಗೆ ಏರಿದೆಯಲ್ಲ, ಹೆಸರು ಟೈಪು ಮಾಡಿದರೆ ಸಾಲದೆ ಎಂದು ಕೇಳುವವರಿದ್ದಾರೆ. ಹೆಸರಿನಿಂದ ಹುಡುಕಬಹುದಾದ ಸೂಚಿಗಳು ನಿಜಕ್ಕೂ ಹೆಚ್ಚಾಗಿವೆ, ಅವುಗಳಿಂದ ಉಪಯೋಗವೂ ಇದೆ. ಆದರೆ ಅವು ಎರಡು ಕಡೆ ದಾರಿ ತಪ್ಪಿಸುತ್ತವೆ. ಮೊದಲನೆಯದು ಪದಕಗಳ ಪಟ್ಟಿ. ಎರಡನೆಯ ಮಹಾಯುದ್ಧದ ಪದಕ ಪಡೆದ ವ್ಯಾಪಾರಿ ನಾವಿಕರ ಸೂಚಿ ಬಿಟಿ 395ರಲ್ಲಿದೆ, ಮನೆಯಲ್ಲೇ ಕೂತು ನೋಡಬಹುದು, ಆದ್ದರಿಂದ ಎಲ್ಲರೂ ಮೊದಲು ತಟ್ಟುವ ಬಾಗಿಲು ಅದೇ. ಆ ಪದಕಗಳು ತಾವಾಗಿ ಮನೆಗೆ ಬರುತ್ತಿರಲಿಲ್ಲ. ನಾವಿಕ ಅರ್ಜಿ ಹಾಕಿ ಕೇಳಬೇಕಿತ್ತು. ಅರ್ಜಿ ಹಾಕದ ಬ್ರಿಟಿಷ್ ನಾವಿಕರೇ ಎಷ್ಟೋ ಮಂದಿ. ಇಂಗ್ಲಿಷ್ ಬಾರದ, ಯುದ್ಧ ಮುಗಿದೊಡನೆ ಊರಿಗೆ ಮರಳಿದ ಖಲಾಸಿ ಪದಕ ಕೊಡುವ ಕಾರ್ಡಿಫ್‌ನ ಕಚೇರಿಗೆ ಅರ್ಜಿ ಬರೆಸಿಯಾನೇ? ಆ ಪಟ್ಟಿ ಹೇಳುವುದು ಯಾರು ಕೇಳಿದರು ಎಂಬುದನ್ನು, ಯಾರು ದುಡಿದರು ಎಂಬುದನ್ನಲ್ಲ. ಎರಡನೆಯ ತೊಡಕು ಹೆಸರುಗಳದ್ದೇ. ಪ್ರಯಾಣಿಕರ ಹಡಗುಗಳ ಊಟದ ಮನೆ, ಅಡಿಗೆ, ಕ್ಯಾಬಿನ್ ಕೆಲಸಕ್ಕೆ ಗೋವೆಯವರಿಗೆ ದೊಡ್ಡ ಬೇಡಿಕೆಯಿತ್ತು. ಗೋವೆಯ ಕ್ರೈಸ್ತರಿಗೂ ಮಂಗಳೂರಿನ ಕ್ಯಾಥೊಲಿಕರಿಗೂ ಡಿಸೋಜ, ಫೆರ್ನಾಂಡಿಸ್, ಪಿಂಟೊ ಎಂಬ ಮನೆತನದ ಹೆಸರುಗಳು ಒಂದೇ. ಜೆ. ಡಿಸೋಜ ಎಂದು ಹುಡುಕಿದರೆ ಹಿಡಿ ತುಂಬ ಸಿಗುತ್ತಾರೆ, ನಿಮ್ಮವರು ಯಾರೆಂದು ಹೇಳುವವರಿಲ್ಲ. ಮುಸ್ಲಿಂ ಖಲಾಸಿಗಳ ಹೆಸರುಗಳಲ್ಲಿ ಗುಮಾಸ್ತರು ಮಾಡಿದ ಅವಾಂತರವಂತೂ ಹೇಳತೀರದು. ಅಬ್ದುಲ್ ಎಂಬ ಮೊದಲ ಪದವನ್ನೇ ಪೂರ್ತಿ ಹೆಸರೆಂದುಕೊಂಡು ಮುಂದೆ ಹೋದವರಿದ್ದಾರೆ. ಅದೇ ಡಿಸೋಜ, ಅದೇ ಅಬ್ದುಲ್ ಒಂದು ಗೊತ್ತಾದ ಹಡಗಿನ ಇನ್ನೂರು ಹೆಸರುಗಳ ನಡುವೆ ಕಂಡರೆ ಮಾತ್ರ ಗುರುತು ಹಿಡಿಯುವ ಆಸೆ ಇಟ್ಟುಕೊಳ್ಳಬಹುದು.

ಇದುವರೆಗೆ ಹೇಳಿದ್ದು ಲಂಡನ್ನಿನ ದಿಕ್ಕು. ಇನ್ನೊಂದು ದಿಕ್ಕು ಮುಂಬೈ. ಭಾರತೀಯ ನಾವಿಕನ ಕರಾರು ಸಾಮಾನ್ಯವಾಗಿ ಆಗುತ್ತಿದ್ದುದು ಮುಂಬೈ ಅಥವಾ ಕಲ್ಕತ್ತದ ಶಿಪ್ಪಿಂಗ್ ಮಾಸ್ಟರರ ಎದುರು, ಲಸ್ಕರ್ ಕರಾರು ಎಂಬ ಬೇರೆಯೇ ನಮೂನೆಯಲ್ಲಿ. ಬ್ರಿಟಿಷ್ ನಾವಿಕರ ಕರಾರಿಗಿಂತ ಕೂಲಿ ಬಹಳ ಕಡಿಮೆ, ಅವಧಿ ಉದ್ದ, ಮಲಗುವ ಜಾಗ ಇಕ್ಕಟ್ಟು. ಆದರೆ ಹುಡುಕುವವನ ಕಣ್ಣಿನಲ್ಲಿ ನೋಡಿದರೆ ಈ ಕೀಳು ಕರಾರಿಗೇ ಒಂದು ಗುಣವಿದೆ. ಬ್ರಿಟಿಷ್ ನಾವಿಕನಿಗೆ ಹೆಸರು, ವಯಸ್ಸು, ಹುಟ್ಟಿದ ಊರು, ವಿಳಾಸ ಬರೆದುಕೊಂಡು ಬಿಡುತ್ತಿದ್ದರು. ಖಲಾಸಿ ಓಡಿಹೋದರೆ ಹಿಡಿಯಬೇಕು, ಸತ್ತರೆ ಬಾಕಿ ಕೂಲಿಯನ್ನು ಯಾರಿಗೋ ಮುಟ್ಟಿಸಬೇಕು ಎಂಬ ಕಾರಣಕ್ಕೆ ಅವನ ತಂದೆಯ ಹೆಸರನ್ನೂ ಹಳ್ಳಿ, ತಾಲ್ಲೂಕು, ಜಿಲ್ಲೆಗಳನ್ನೂ ಕೇಳಿ ಬರೆಯುವ ಪದ್ಧತಿ ಇತ್ತು. ಅನುಮಾನದಿಂದ ಹುಟ್ಟಿದ ವಿವರಗಳೇ ಇವತ್ತು ಮನೆಯವರ ಕೈಗೆ ಸಿಗುವ ಹಿಡಿಗಳು. ಕೆಲಸದ ಹೆಸರುಗಳೂ ಹಾಗೆಯೇ. ಡೆಕ್ಕಿನ ಮೇಲೆ ಸೆರಂಗ, ಅವನ ಕೆಳಗೆ ಟಿಂಡಾಲ, ಚುಕ್ಕಾಣಿ ಹಿಡಿಯುವ ಸುಕ್ಕಾನಿ, ಸಾಮಾನು ಕಾಯುವ ಕಸಬ, ಖಲಾಸಿಗಳು. ಎಂಜಿನ್ ಮನೆಯಲ್ಲಿ ಬೆಂಕಿ ನೋಡುವ ಆಗ್‌ವಾಲಾ, ಎಣ್ಣೆ ಹಾಕುವ ತೇಲ್‌ವಾಲಾ, ಕಲ್ಲಿದ್ದಲು ಹೊರುವ ಕೋಯ್ಲಾವಾಲಾ. ಅಡಿಗೆಗೆ ಭಂಡಾರಿ, ಗುಡಿಸಲು ಟೋಪಸ. ಅಜ್ಜ 'ಬೆಂಕಿ ಮನೆ'ಯಲ್ಲಿದ್ದ ಎಂಬ ಮನೆಮಾತೊಂದೇ ಇದ್ದರೂ ಪಟ್ಟಿಯ ಯಾವ ಭಾಗ ನೋಡಬೇಕು ಎಂಬುದು ತಿಳಿಯುತ್ತದೆ.

ಕನ್ನಡ ಕರಾವಳಿಯ ಮನೆಯವರಿಗೆ ಇಲ್ಲಿ ಮತ್ತೊಂದು ಗಂಟಿದೆ. ಆ ಕಾಲದ ಕಾಗದಗಳಲ್ಲಿ ಕರ್ನಾಟಕವೇ ಇಲ್ಲ. ಕಾರವಾರ, ಕುಮಟಾ, ಹೊನ್ನಾವರ, ಭಟ್ಕಳಗಳು ಮುಂಬೈ ಪ್ರಾಂತ್ಯದ ಉತ್ತರ ಕನ್ನಡ ಜಿಲ್ಲೆಯಲ್ಲಿದ್ದವು. ಕುಂದಾಪುರ, ಉಡುಪಿ, ಮಂಗಳೂರು, ಜೊತೆಗೆ ಕಾಸರಗೋಡು ಮದರಾಸು ಪ್ರಾಂತ್ಯದ ದಕ್ಷಿಣ ಕನ್ನಡದಲ್ಲಿ. ಎರಡೂ ನಮ್ಮ ರಾಜ್ಯ ಸೇರಿದ್ದು 1956ರಲ್ಲಿ, ಅದೂ ಕಾಸರಗೋಡನ್ನು ಬಿಟ್ಟು. ಆದ್ದರಿಂದ ಬೆಂಗಳೂರಿನ ಪತ್ರಾಗಾರದಲ್ಲಿ ಹುಡುಕಿ ಏನೂ ಸಿಗಲಿಲ್ಲ ಎನ್ನುವವರು ಸಿಗಬಾರದ ಕಡೆಯೇ ಹುಡುಕಿದ್ದಾರೆ. ಉತ್ತರ ಕನ್ನಡದ ಸರಕಾರಿ ಪತ್ರಗಳ ಜಾಡು ಮುಂಬೈಯಲ್ಲಿ ಎಲ್ಫಿನ್‌ಸ್ಟನ್ ಕಾಲೇಜಿನ ಕಟ್ಟಡದಲ್ಲಿರುವ ಮಹಾರಾಷ್ಟ್ರ ಪತ್ರಾಗಾರಕ್ಕೆ ಹೋಗುತ್ತದೆ, ದಕ್ಷಿಣ ಕನ್ನಡದ್ದು ಚೆನ್ನೈನ ಎಗ್ಮೋರಿಗೆ, ಕೇಂದ್ರ ಸರಕಾರದ ವಾಣಿಜ್ಯ ಇಲಾಖೆಯದು ದೆಹಲಿಗೆ. ಊರಿನ ಹೆಸರುಗಳನ್ನೂ ಆಗಿನ ಕಾಗುಣಿತದಲ್ಲಿ ಹುಡುಕಬೇಕು. ಕೆನರಾ ಎಂಬುದು ಒಂದು ಕಡೆ ಇಂಗ್ಲಿಷಿನ ಸಿ ಅಕ್ಷರದಿಂದ, ಇನ್ನೊಂದು ಕಡೆ ಕೆ ಅಕ್ಷರದಿಂದ, ಕಾರವಾರವೂ ಹಾಗೆಯೇ. ಹಳೆಯ ಬರಹದಲ್ಲಿ ಉಡುಪಿ ಉಡಿಪಿಯಾಗುತ್ತದೆ, ಕುಂದಾಪುರ ಕೂಂಡಾಪೂರ್ ಆಗುತ್ತದೆ. ಅಕಾರಾದಿಯಲ್ಲಿ ಸಿ ಮತ್ತು ಕೆ ನಡುವೆ ಎಷ್ಟು ದೂರ ಎಂಬುದನ್ನು ನೆನೆದರೆ, ಇದ್ದ ಹೆಸರು 'ಇಲ್ಲ'ವಾಗುವುದು ಎಷ್ಟು ಸುಲಭ ಎಂದು ಗೊತ್ತಾದೀತು.

ಮುಂಬೈಯ ಈ ವ್ಯವಸ್ಥೆಯಲ್ಲಿ ಹುಡುಕುವವನಿಗೆ ಒದಗಿ ಬರುವ ಮತ್ತೊಂದು ಸಂಗತಿ ಸೆರಂಗನ ಪಾತ್ರ. ಕಂಪನಿ ಒಬ್ಬೊಬ್ಬ ಖಲಾಸಿಯನ್ನೂ ತಾನೇ ಆರಿಸುತ್ತಿರಲಿಲ್ಲ. ಸೆರಂಗನಿಗೆ ಹೇಳಿದರೆ ಅವನು ಆಳುಗಳನ್ನು ತರುತ್ತಿದ್ದ. ತರುತ್ತಿದ್ದುದು ತನ್ನ ಊರು, ತನ್ನ ಬಂಧು ಬಳಗ, ತನಗೆ ಸಾಲ ತೀರಿಸಬೇಕಾದವರ ನಡುವಿನಿಂದ. ಕೂಲಿಯಲ್ಲಿ ಅವನಿಗೆ ಪಾಲು ಹೋಗುತ್ತಿತ್ತು. ನಾವಿಕರ ಸಂಘಗಳು ಈ ದಲ್ಲಾಳಿತನದ ವಿರುದ್ಧ ಹೋರಾಡಿದ್ದು ನ್ಯಾಯವೇ. ಆದರೆ ಅದರ ಫಲವಾಗಿ ಒಂದೇ ಪಟ್ಟಿಯಲ್ಲಿ ಒಂದೇ ಸೀಮೆಯ ಹಳ್ಳಿಗಳು ಗುಂಪಾಗಿ ಕಾಣುತ್ತವೆ. ಅಜ್ಜನ ಹೆಸರು ಗುರುತು ಸಿಗದಷ್ಟು ಕೆಟ್ಟಿದ್ದರೂ ಅವನ ಭಾವಮೈದುನನದ್ದೋ ನೆರೆಮನೆಯವನದ್ದೋ ಸರಿಯಾಗಿದ್ದರೆ ಸಾಕು, ಹಡಗು ಅದೇ ಇರಬೇಕೆಂದು ಊಹಿಸಲು ಆಧಾರ ಸಿಕ್ಕಿತು. ಒಬ್ಬನನ್ನೇ ಹುಡುಕುವುದಕ್ಕಿಂತ ಇಡೀ ಕೇರಿಯನ್ನು ಹುಡುಕುವುದು ಸುಲಭ. ಒಂದು ಊರಿನ ನಾಲ್ಕು ಮನೆಯವರು ತಂತಮ್ಮ ಅಜ್ಜಂದಿರ ಬಗ್ಗೆ ಬಲ್ಲದ್ದನ್ನು ಒಟ್ಟಿಗೆ ಕೂತು ಬರೆದಿಟ್ಟರೆ ಅದು ಯಾವ ಸೂಚಿಗಿಂತಲೂ ಹೆಚ್ಚು ಬೆಲೆಯ ಸಾಧನ.

ಮನೆಮಾತನ್ನು ಇಷ್ಟು ನಂಬಬಹುದೇ ಎಂಬ ಆಕ್ಷೇಪ ಬಂದೇ ಬರುತ್ತದೆ. ಮೂರು ತಲೆಮಾರು ದಾಟಿದ ಮಾತಿನಲ್ಲಿ ಉತ್ಪ್ರೇಕ್ಷೆ ಸೇರಿರುತ್ತದೆ. ಕೋಯ್ಲಾವಾಲಾ ಕ್ಯಾಪ್ಟನ್ ಆಗಿಬಿಟ್ಟಿರುತ್ತಾನೆ. ಆಕ್ಷೇಪ ಸರಿ. ಆದರೆ ಮನೆಮಾತನ್ನು ನಂಬಬೇಕೆಂದು ಯಾರೂ ಹೇಳುತ್ತಿಲ್ಲ, ಒರೆಗೆ ಹಚ್ಚಬೇಕೆಂದು ಹೇಳುವುದು. ಒರೆಗೆ ಹಚ್ಚಲು ಹಡಗಿನಷ್ಟು ಒಳ್ಳೆಯ ಕಲ್ಲು ಇನ್ನೊಂದಿಲ್ಲ, ಏಕೆಂದರೆ ಹಡಗು ಇಂಥ ದಿನ ಇಂಥ ಕಡೆ ಇತ್ತು ಎಂಬುದು ಮನೆಯವರ ನೆನಪಿಗೆ ಸಂಬಂಧವಿಲ್ಲದ ಜನ ಬರೆದಿಟ್ಟ ಸಂಗತಿ. 'ಆಫ್ರಿಕಕ್ಕೆ ಹೋಗುವಾಗ ಜಪಾನಿನವರು ಹಡಗು ಮುಳುಗಿಸಿದರು' ಎಂಬ ಮಾತು ಮನೆಯಲ್ಲಿದೆ ಎನ್ನೋಣ. ಜಪಾನು ಎಂದೊಡನೆ ಸಿಂಗಪುರ, ಬರ್ಮಾ ನೆನಪಾಗುವವರಿಗೆ ಇದು ಕಟ್ಟುಕತೆಯಂತೆ ಕಂಡೀತು. ಆದರೆ 1942ರ ನವೆಂಬರ್ 23ರಂದು ಮುಂಬೈಯಿಂದ ಪೂರ್ವ ಆಫ್ರಿಕಕ್ಕೆ ಹೊರಟಿದ್ದ 'ತಿಲಾವಾ' ಹಡಗನ್ನು ಜಪಾನಿನ ಐ-29 ಎಂಬ ಸಬ್‌ಮೆರೀನ್ ಸೆಶೆಲ್ಸ್ ದ್ವೀಪಗಳ ಆಚೆ ಮುಳುಗಿಸಿದ್ದು ನಿಜ. 958 ಮಂದಿಯಲ್ಲಿ 280 ಜನ ಸತ್ತರು, ಉಳಿದವರಲ್ಲಿ ಬಹುಪಾಲನ್ನು 'ಬರ್ಮಿಂಗ್‌ಹ್ಯಾಮ್' ಎಂಬ ಯುದ್ಧನೌಕೆ ಎತ್ತಿಕೊಂಡಿತು. ತಿಲಾವಾದ ಸಿಬ್ಬಂದಿ 222. ಕಟ್ಟುಕತೆ ಎಂದುಕೊಂಡದ್ದು ಹೀಗೆ ಒಂದು ತಾರೀಖಿಗೆ ಬಂದು ನಿಂತಾಗ ಮುಂದಿನ ಕೆಲಸ ಆ ಒಂದು ಪಟ್ಟಿ ನೋಡುವುದಷ್ಟೆ. ಅಲ್ಲಿ ಅಜ್ಜನ ಹೆಸರು ಇಲ್ಲದಿದ್ದರೆ ಆ ಉತ್ತರವನ್ನೂ ಒಪ್ಪಿಕೊಳ್ಳಬೇಕು. ಪ್ರಯಾಣಿಕನಾಗಿದ್ದನೋ, ಬೇರೆ ಯಾರದೋ ಕಥೆ ಅವನದಾಯಿತೋ ಎಂದು ಕೇಳಿಕೊಳ್ಳಬೇಕು.

ಮನೆಮಾತು ಹೆಚ್ಚಾಗಿ ಕೈಕೊಡುವುದು 'ನೇವಿ' ಎಂಬ ಪದದಲ್ಲಿ. ಅಜ್ಜ ನೇವಿಯಲ್ಲಿದ್ದ ಎಂದರೆ ರಾಯಲ್ ಇಂಡಿಯನ್ ನೇವಿಯೂ ಆಗಬಹುದು, ವ್ಯಾಪಾರಿ ಹಡಗೂ ಆಗಬಹುದು. 1946ರಲ್ಲಿ ಮುಂಬೈಯಲ್ಲಿ ನಡೆದ ನೌಕಾಪಡೆಯ ಬಂಡಾಯದ ನೆನಪು ಬೇರೆ ಇದಕ್ಕೆ ಬೆರೆಯುತ್ತದೆ. ಎರಡರ ದಾಖಲೆಗಳು ಬೇರೆ ಬೇರೆ ಕಡೆ ಇವೆ. ಪಿಂಚಣಿ, ಸರಕಾರಿ ಸಂಖ್ಯೆ, ತರಬೇತಿ ನೆಲೆಯ ಹೆಸರು ಕಂಡರೆ ಅದು ನೌಕಾಪಡೆ. ಸಿಡಿಸಿ, ಕಂಪನಿಯ ಹೆಸರು, ಯಾನಗಳ ನಡುವೆ ತಿಂಗಳುಗಟ್ಟಲೆ ಊರಿನಲ್ಲಿ ಇದ್ದ ನೆನಪು ಇದ್ದರೆ ವ್ಯಾಪಾರಿ ಹಡಗು. ಕಂಪನಿಗಳೂ ಬ್ರಿಟಿಷರವೇ ಆಗಬೇಕಿಲ್ಲ. ಭಾರತೀಯರೇ ಕಟ್ಟಿದ ಸಿಂಧಿಯಾ ಕಂಪನಿಯ ಜಲಬಾಲಾ, ಜಲರಾಜನ್ ಹಡಗುಗಳೂ ಯುದ್ಧದಲ್ಲಿ ಮುಳುಗಿದವು.

ಸತ್ತವರ ವಿಷಯದಲ್ಲಿ ಮಾತ್ರ ಹೆಸರಿನಿಂದ ಶುರುಮಾಡುವುದು ತಕ್ಕಮಟ್ಟಿಗೆ ಫಲ ಕೊಡುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಸುಮಾರು 6,600 ಭಾರತೀಯ ವ್ಯಾಪಾರಿ ನಾವಿಕರು ಸತ್ತರೆಂದು ಇತಿಹಾಸಕಾರ್ತಿ ರೋಜಿನಾ ವಿಸ್ರಾಮ್ ಲೆಕ್ಕ ಕೊಡುತ್ತಾರೆ. ಗಾಯಗೊಂಡವರು 1,022, ಸೆರೆ ಸಿಕ್ಕವರು 1,217. ಲಂಡನ್ನಿನ ಟವರ್ ಹಿಲ್ ಸ್ಮಾರಕದ ಕಂಚಿನ ಫಲಕಗಳಲ್ಲಿ ಎರಡೂ ಯುದ್ಧಗಳ ಸುಮಾರು 36 ಸಾವಿರ ನಾವಿಕರ ಹೆಸರುಗಳಿವೆ. ಅಲ್ಲಿ ಭಾರತೀಯರನ್ನು ಹುಡುಕಿ ಸಿಗದೆ ಬೇಸರಪಟ್ಟವರು ತಿಳಿಯಬೇಕಾದದ್ದು, ಅವರನ್ನು ನೆನೆಯಲು ಬೇರೆ ಕಡೆ ಏರ್ಪಾಡಾಗಿತ್ತು ಎಂಬುದನ್ನು. ಸಮುದ್ರವಲ್ಲದೆ ಬೇರೆ ಗೋರಿಯಿಲ್ಲದ ಸುಮಾರು 6 ಸಾವಿರ ಭಾರತೀಯ ವ್ಯಾಪಾರಿ ನಾವಿಕರ ಹೆಸರುಗಳು, 400ಕ್ಕೂ ಹೆಚ್ಚು ರಾಯಲ್ ಇಂಡಿಯನ್ ನೇವಿಯವರ ಹೆಸರುಗಳೊಡನೆ, ಒಂದು ಪುಸ್ತಕದಲ್ಲಿವೆ. ಅದರ ಒಂದು ಪ್ರತಿ ಮುಂಬೈಯಲ್ಲಿ, ಇನ್ನೊಂದು ಬಾಂಗ್ಲಾದೇಶದ ಚಿತ್ತಗಾಂಗ್‌ನಲ್ಲಿ. ಕಂಚಿನ ಫಲಕ ದಾರಿಹೋಕನಿಗೂ ಕಾಣುತ್ತದೆ, ಪುಸ್ತಕ ಹುಡುಕಿ ಹೋದವನಿಗೆ ಮಾತ್ರ. ಆ ತಾರತಮ್ಯವನ್ನು ಮರೆಮಾಚುವುದು ಬೇಡ. ಈಗ ಆ ಹೆಸರುಗಳು ಕಾಮನ್‌ವೆಲ್ತ್ ಯುದ್ಧಸಮಾಧಿ ಆಯೋಗದ ಸೂಚಿಯಲ್ಲೂ ಇವೆ, ಹೆಸರಿನ ಜೊತೆ ಹಡಗಿನದ್ದೂ ಇರುತ್ತದೆ, ಕೆಲವೆಡೆ ತಂದೆಯ ಹೆಸರೂ ಊರೂ ಇರುತ್ತವೆ. ಆ ಹಡಗಿನ ಹೆಸರೇ ಮುಂದಿನ ಹುಡುಕಾಟದ ಕೀಲಿ. ಸೆರೆಯಾದವರಿಗೆ ಜರ್ಮನಿಯ ಬ್ರೆಮೆನ್ ಸಮೀಪದ ಮಿಲಾಗ್ ನಾರ್ಡ್ ಶಿಬಿರದಲ್ಲಿ ಭಾರತೀಯರ ಬೇರೆ ಆವರಣವೇ ಇತ್ತು. ಅವರ ಜಾಡು ಬಿಟಿ 373ರಲ್ಲೂ ಜಿನೀವಾದ ರೆಡ್‌ಕ್ರಾಸ್ ಪತ್ರಾಗಾರದಲ್ಲೂ ನೋಡಬಹುದು. ಮೊದಲ ಮಹಾಯುದ್ಧದ ಕಥೆ ಇನ್ನೂ ಬಡವಾದದ್ದು. ಆ ಕಾಲದ ನಾವಿಕರ ಸೂಚಿಕಾರ್ಡುಗಳನ್ನು 1969ರಲ್ಲಿ ನಾಶಮಾಡಿಬಿಟ್ಟರು. 1915ರ ಸಿಬ್ಬಂದಿ ಪಟ್ಟಿಗಳು ಮಾತ್ರ ಲಂಡನ್ನಿನ ಗ್ರೀನಿಚ್‌ನ ನೌಕಾ ವಸ್ತುಸಂಗ್ರಹಾಲಯದಲ್ಲಿ ಇಡಿಯಾಗಿ ಉಳಿದು, ಹೆಸರಿನಿಂದ ಹುಡುಕುವಂತಾಗಿವೆ.

ಕೊನೆಯ ಆಕ್ಷೇಪವೇ ಗಟ್ಟಿಯಾದದ್ದು. ಈ ಜನ ಹೊಟ್ಟೆಪಾಡಿಗೆ ಹಡಗು ಹತ್ತಿದವರು, ಯುದ್ಧಕ್ಕೆ ಹೋದವರಲ್ಲ. ಕೂಲಿಯ ಕಾಗದಗಳನ್ನು 'ಯುದ್ಧಸೇವೆ'ಯ ದಾಖಲೆ ಎಂದು ಕರೆದು ಅವರಿಗೆ ತೊಡಿಸುವ ಸಮವಸ್ತ್ರ ನಮ್ಮದೇ ಕಲ್ಪನೆಯಲ್ಲವೇ? ಹೊಟ್ಟೆಪಾಡಿಗೆ ಹೋದದ್ದು ನಿಜ. ಗ್ಲಾಸ್ಗೋದಿಂದ ಹೋದ ನಾವಿಕನೂ ಹೊಟ್ಟೆಪಾಡಿಗೇ ಹೋಗಿದ್ದ. ಸರಕಾರ ಕಂಪನಿಗಳ ಹಡಗುಗಳನ್ನು ವಶಕ್ಕೆ ತೆಗೆದುಕೊಂಡು, ಬೆಂಗಾವಲು ಪಡೆಯ ನಡುವೆ ಸೈನಿಕರನ್ನೂ ಮದ್ದುಗುಂಡನ್ನೂ ಸಾಗಿಸಿದ ಮೇಲೆ ಆ ಹಡಗಿನ ಬೆಂಕಿ ಮನೆಯಲ್ಲಿದ್ದವನ ಕೂಲಿ ಬರಿಯ ಕೂಲಿಯಾಗಿ ಉಳಿಯುವುದಿಲ್ಲ. ಯುದ್ಧಕ್ಕೆ ಸ್ವಲ್ಪ ಮುನ್ನ ಬ್ರಿಟಿಷ್ ಹಡಗುಗಳ ನಾವಿಕರಲ್ಲಿ ಸುಮಾರು ನಾಲ್ಕರಲ್ಲಿ ಒಬ್ಬ ಭಾರತೀಯನಾಗಿದ್ದ. ಆ ಕೈಗಳು ನಿಂತರೆ ಹಡಗು ನಿಲ್ಲುತ್ತದೆ ಎಂಬುದು ಲಂಡನ್ನಿಗೆ ಚೆನ್ನಾಗಿ ಗೊತ್ತಿತ್ತು. 1939ರ ಕೊನೆಯ ತಿಂಗಳುಗಳಲ್ಲಿ ಹೆಚ್ಚಿನ ಕೂಲಿ ಕೇಳಿ ಭಾರತೀಯ ನಾವಿಕರು ಬ್ರಿಟನ್ನಿನ ಬಂದರುಗಳಲ್ಲಿ ಕೆಲಸ ನಿಲ್ಲಿಸಿದಾಗ ಎಷ್ಟೋ ಮಂದಿಯನ್ನು ಜೈಲಿಗೆ ಹಾಕಲಾಯಿತು. ಈ ಮುಷ್ಕರದ ಕಡತಗಳು, ನಾವಿಕರ ಮೇಲೆ ಕಣ್ಣಿಟ್ಟಿದ್ದ ಗುಪ್ತಚರರ ವರದಿಗಳು ಲಂಡನ್ನಿನ ಬ್ರಿಟಿಷ್ ಲೈಬ್ರರಿಯ ಇಂಡಿಯಾ ಆಫೀಸ್ ಸಂಗ್ರಹದಲ್ಲಿವೆ. ದುಡಿದ ಖಲಾಸಿಗಿಂತ ದುಡಿಯೆನೆಂದ ಖಲಾಸಿಯ ಬಗ್ಗೆ ಸರಕಾರ ಹೆಚ್ಚು ಆಸ್ಥೆಯಿಂದ ಬರೆದಿಟ್ಟುಕೊಂಡಿತು! ಹೀಗಾಗಿ ಅಜ್ಜ ಜೈಲಿಗೆ ಹೋಗಿದ್ದ ಎಂಬ ಮಾತು ಮನೆಯಲ್ಲಿದ್ದರೆ ಮುಚ್ಚಿಡುವ ಅಗತ್ಯವಿಲ್ಲ, ಹುಡುಕಾಟಕ್ಕೆ ಅದೊಂದು ಒಳ್ಳೆಯ ದಾರಿ.

ಆದರೂ ಆ ಆಕ್ಷೇಪದೊಳಗೆ ಒಂದು ಕಟುವಾದ ನಿಜ ಅಡಗಿದೆ, ಅದು ಇವತ್ತಿನ ನಿಯಮಗಳಲ್ಲೂ ಜೀವಂತವಾಗಿದೆ. ಸಮವಸ್ತ್ರದ ಸಿಪಾಯಿ 1939ರ ಸೆಪ್ಟೆಂಬರ್ 3ರಿಂದ 1947ರ ಡಿಸೆಂಬರ್ 31ರ ನಡುವೆ ಸೇವೆಯಲ್ಲಿದ್ದಾಗ ಯಾವ ಕಾರಣಕ್ಕೆ ಸತ್ತಿದ್ದರೂ ಯುದ್ಧಸಮಾಧಿ ಆಯೋಗ ಅವನನ್ನು ಸ್ಮರಿಸುತ್ತದೆ. ವ್ಯಾಪಾರಿ ನಾವಿಕನ ಸಾವು ಯುದ್ಧದ ಕಾರಣದಿಂದಲೇ ಆದದ್ದೆಂದು ತೋರಿಸಬೇಕು. ಟಾರ್ಪಿಡೊ ಹೊಡೆದು ಸತ್ತವನು ಪಟ್ಟಿಯಲ್ಲಿ ಬರುತ್ತಾನೆ. ಅದೇ ಹಡಗಿನ ಹಿಂದಿನ ಯಾನದಲ್ಲಿ ಎಂಜಿನ್ ಮನೆಯ ಸೆಕೆಗೋ ಕ್ಷಯಕ್ಕೋ ಸತ್ತವನು ಬರದೆ ಹೋಗಬಹುದು. ಆಯೋಗ ತನ್ನ ಹಳೆಯ ಪಟ್ಟಿಗಳು ಅಪೂರ್ಣವೆಂದು ಒಪ್ಪುವುದಕ್ಕೆ ಹಿಂದೆಗೆದಿಲ್ಲ. ಮೊದಲ ಮಹಾಯುದ್ಧದಲ್ಲಿ ಭಾರತ, ಆಫ್ರಿಕ ಮುಂತಾದ ಕಡೆಯ ಸತ್ತವರಿಗೆ ಸಮಾನ ಗೌರವ ಸಿಗಲಿಲ್ಲವೆಂದು 2021ರಲ್ಲಿ ಅದರದ್ದೇ ಸಮಿತಿ ವರದಿ ಕೊಟ್ಟಿತು. ಬಿಟ್ಟುಹೋದ ಹೆಸರನ್ನು ಸೇರಿಸಬೇಕೆಂಬ ಅರ್ಜಿಯನ್ನು ಆಯೋಗ ಇವತ್ತೂ ತೆಗೆದುಕೊಳ್ಳುತ್ತದೆ. ಆ ಅರ್ಜಿಗೆ ಮನೆಯ ಫೋಟೊ, ಪದಕದ ಆಸೆ, ಅಜ್ಜಿ ಹೇಳಿದ ಮಾತು ಇಷ್ಟೇ ಸಾಲದು. ಸಾವಿನ ಕಾರಣ ಬರೆದಿರುವುದು ಹಡಗಿನ ದಿನಚರಿಯಲ್ಲಿ. ಹಡಗೇ ಮುಳುಗಿದ್ದರೆ ದಡದಲ್ಲಿ ಉಳಿದ ಸಿಬ್ಬಂದಿ ಪಟ್ಟಿ, ಸಾವುಗಳನ್ನು ದಾಖಲಿಸಿದ ಬಿಟಿ 334ರ ಪುಸ್ತಕಗಳು, ಕುಟುಂಬಕ್ಕೆ ಯುದ್ಧಪಿಂಚಣಿ ಬಂದಿದ್ದರೆ ಆ ಕಾಗದ. ಇವುಗಳಲ್ಲಿ ಯಾವುದನ್ನು ಕೇಳಲು ಹೋದರೂ ಕಚೇರಿಯವರು ಮೊದಲು ಕೇಳುವುದು ಹಡಗಿನ ಹೆಸರನ್ನೇ.